ಋಷ್ಯಶೃಂಗನು ಜಪಾನಿನ ರಂಗಭೂಮಿಯಲ್ಲಿ

ಜಪಾನು ದೇಶದ ಹೆಸರನ್ನೆತ್ತಿದೊಡನೆ ನಮ್ಮಲ್ಲಿ ಬಹು ಮಂದಿಗೆ ಮೋಟಾರು ಬಂಡಿಯೂ, ಕೈಗಡಿಯಾರವೂ, ಮಿಂಚಿನಂತೆ ಓಡುವ ರೈಲೂ ನೆನಪಿಗೆ ಬರುವುವು. ಆ ದೇಶದ ನಾಟಕಶಾಲೆಗಳ ಸುದ್ದಿಯನ್ನು ಕೇಳಿದವರು ವಿರಳ. ಕೇಳಿದವರೂ ಅದನ್ನು, ಮುಖಕ್ಕೆ ಬಿಳಿಯ ಬಣ್ಣ ಬಳಿದುಕೊಂಡ ನಟರು ಅರ್ಥವಾಗದ ಸ್ವರದಲ್ಲಿ ಕೂಗುವ ಒಂದು ವಿಚಿತ್ರ ವಿನೋದವೆಂದು ತಿಳಿದು ಸುಮ್ಮನಾಗುವರು. ಆದರೆ ಲೋಕದ ರಂಗಭೂಮಿಗಳಲ್ಲಿ ಇದರಂಥ ಸೋಜಿಗ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಹದಿನಾಲ್ಕನೆಯ ಶತಮಾನದಲ್ಲಿ ರೂಪುಗೊಂಡ ನೋಹ್ ನಾಟಕವು ಅಲ್ಲಿ ಇಂದಿಗೂ ನಡೆಯುತ್ತಿರುವುದು. ಹದಿನೇಳನೆಯ ಶತಮಾನದ ಕಬುಕಿಯೂ ನಡೆಯುತ್ತಿರುವುದು. ೧೯೧೪ರಲ್ಲಿ ಮೊದಲನೆಯ ಪ್ರದರ್ಶನವನ್ನು ಕೊಟ್ಟ ತಕರಾಜುಕಾ ಸಂಗೀತನಾಟಕ ಮಂಡಲಿಯ ಟಿಕೀಟು ಸಿಕ್ಕುವುದೇ ಅನೇಕ ವೇಳೆ ದುರ್ಲಭ. ಹೊಸದು ಬಂದಿತೆಂದು ಹಳೆಯದು ಮನೆಬಿಟ್ಟು ಹೋಗಲಿಲ್ಲ. ಅವಿಭಕ್ತ ಕುಟುಂಬದಲ್ಲಿ ಅಜ್ಜನು ಜಗಲಿಯ ಮೇಲೆ ಜಪಮಾಡುತ್ತಿರುವಾಗಲೇ ಮೊಮ್ಮಕ್ಕಳು ನಡುಮನೆಯಲ್ಲಿ ಹಾಡಿ ಕುಣಿಯುವಂತೆ, ಇವೆಲ್ಲವೂ ಒಂದೇ ಸೂರಿನ ಕೆಳಗೆ ಬಾಳಿಕೊಂಡಿವೆ.

ಇದನ್ನು ವಾಚಕರಿಗೆ ತೋರಿಸುವುದಕ್ಕೆ ನಾಟಕಗಳ ಪಟ್ಟಿಯನ್ನು ಒಪ್ಪಿಸುವುದಕ್ಕಿಂತ ಒಂದು ಕಥೆಯ ಬೆನ್ನುಹತ್ತಿ ಹೋಗುವುದು ಲೇಸು. ಆ ಕಥೆ ಪರಕೀಯವಲ್ಲ, ನಮ್ಮ ಮನೆಯದೇ.

ವಿಭಾಂಡಕ ಮುನಿಯ ಮಗನೂ ಹರಿಣಿಯ ಗರ್ಭದಲ್ಲಿ ಹುಟ್ಟಿದವನೂ ಆದ ಋಷ್ಯಶೃಂಗನ ವೃತ್ತಾಂತವು ರಾಮಾಯಣದ ಬಾಲಕಾಂಡದಲ್ಲಿಯೂ ಮಹಾಭಾರತದ ವನಪರ್ವದಲ್ಲಿಯೂ ಬಂದಿರುವುದು. ತಂದೆಯ ಹೊರತು ಮತ್ತೊಬ್ಬ ಮನುಷ್ಯನನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಈ ಬಾಲತಪಸ್ವಿಯನ್ನು, ಅನಾವೃಷ್ಟಿಯಿಂದ ಕಂಗೆಟ್ಟ ಅಂಗದೇಶದ ದೊರೆ ಲೋಮಪಾದನು ಗಣಿಕೆಯರ ಮೂಲಕ ತನ್ನ ರಾಜ್ಯಕ್ಕೆ ಕರೆಯಿಸಿಕೊಂಡನು. ಮುನಿಕುಮಾರನು ಆ ನೆಲದಲ್ಲಿ ಕಾಲಿಟ್ಟೊಡನೆ ಮಳೆ ಸುರಿಯಿತು; ದೊರೆ ತನ್ನ ಮಗಳಾದ ಶಾಂತೆಯನ್ನು ಅವನಿಗೆ ಧಾರೆಯೆರೆದು ಕೊಟ್ಟನು. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಇವನು ಶಾಂತಾಸಮೇತನಾಗಿ ಋಷ್ಯಶೃಂಗೇಶ್ವರನೆಂಬ ಹೆಸರಿನಿಂದ ಇಂದಿಗೂ ಪೂಜೆಗೊಳ್ಳುತ್ತಿರುವನು. ಮಳೆ ಬಾರದಿದ್ದರೂ, ಬಂದ ಮಳೆ ನಿಲ್ಲದಿದ್ದರೂ ಜನರು ಹರಕೆ ಹೊರುವುದು ಆ ದೇವರಿಗೇ. ನಮ್ಮ ಕಾಲದಲ್ಲಿ ಚಂದ್ರಶೇಖರ ಕಂಬಾರರು ಇದೇ ಹೆಸರಿನ ನಾಟಕವನ್ನು ಬರೆದುದನ್ನು ಅನೇಕರು ಬಲ್ಲರು.

ಇಂಥ ಕಥೆ ಬೌದ್ಧ ಭಿಕ್ಷುಗಳ ಜೋಳಿಗೆಯಲ್ಲಿ ಸೇರಿ ಹಿಮಾಲಯವನ್ನು ದಾಟಿತು. ಐದನೆಯ ಶತಮಾನದ ಆದಿಯಲ್ಲಿ ಕುಮಾರಜೀವನು ಚೀನೀ ಭಾಷೆಗೆ ತಂದ ಮಹಾಪ್ರಜ್ಞಾಪಾರಮಿತಾಶಾಸ್ತ್ರದಲ್ಲಿ ಇದು ಏಕಶೃಂಗ ಮುನಿಯ ಕಥೆಯಾಗಿ ಕಾಣಿಸಿಕೊಳ್ಳುವುದು. ಅಷ್ಟರಲ್ಲಿ ಇದರ ಜೀವವೇ ಬದಲಾಗಿತ್ತು. ಮಳೆಯಿಂದ ನೆನೆದ ಬೆಟ್ಟದ ಹಾದಿಯಲ್ಲಿ ಮುನಿಯು ಕಾಲುಜಾರಿ ಬಿದ್ದು, ನೀರಿನ ಪಾತ್ರೆಯನ್ನು ಒಡೆದುಕೊಂಡು, ಸಿಟ್ಟಿನಿಂದ ಮಳೆಯನ್ನೇ ಶಪಿಸುವನು. ನಮ್ಮ ಋಷ್ಯಶೃಂಗನು ಮಳೆಯನ್ನು ತರುವವನು. ಅವರ ಏಕಶೃಂಗನು ಮಳೆಯನ್ನು ತಡೆಯುವವನು. ಅವನ ತಪಸ್ಸನ್ನು ಕೆಡಿಸುವುದಕ್ಕೆ ಹೊರಡುವ ಗಣಿಕೆಯ ಹೆಸರು ಮಾತ್ರ ಶಾಂತೆಯೇ. ಚೀನೀ ಲಿಪಿಯಲ್ಲಿ ಸಿಕ್ಕಿಕೊಂಡ ಆ ಹೆಸರು ಜಪಾನೀಯರ ಬಾಯಲ್ಲಿ ‘ಸೆಂದಾ’ ಎಂದಾಯಿತು. ಹನ್ನೆರಡನೆಯ ಶತಮಾನದ ‘ಕೊಂಜಾಕು ಮೊನೊಗತಾರಿ’ ಎಂಬ ಕಥಾಸಂಗ್ರಹದಲ್ಲಿ ಕಥೆ ಜಪಾನೀ ಉಡುಪನ್ನು ತೊಟ್ಟಿತು. ಅಲ್ಲಿಂದ ಮುಂದೆ ರಂಗಸ್ಥಳವನ್ನು ಹತ್ತಿತು.

ಹತ್ತಿದ ಮೊದಲನೆಯ ರಂಗಸ್ಥಳ ನೋಹ್ ನಾಟಕದ್ದು. ಅದನ್ನು ವಾಚಕರು ಸ್ವಲ್ಪ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಸುಮಾರು ಆರು ಮೀಟರು ಚೌಕದ, ನುಣುಪಾದ ಮರದ ಜಗಲಿ. ನಾಟಕಶಾಲೆಯ ಒಳಗಿದ್ದರೂ ಅದರ ಮೇಲೆ ದೇವಸ್ಥಾನದಂತೆ ಬೇರೆಯೇ ಒಂದು ಮಾಡು. ಹಿಂದಿನ ಹಲಗೆಯ ಗೋಡೆಯ ಮೇಲೆ ಬರೆದ ಒಂದು ಮುದಿ ದೇವದಾರು ಮರ. ಎಡಗಡೆಗೆ ನಟರು ನಡೆದುಬರುವ ಉದ್ದನೆಯ ಸೇತುವೆ. ಪರದೆಯೆಳೆದು ದೃಶ್ಯ ಬದಲಿಸುವ ಪದ್ಧತಿಯಿಲ್ಲ. ಕಾಡೆಂದರೆ ಕಾಡು, ಸಮುದ್ರವೆಂದರೆ ಸಮುದ್ರ. ಭರತಮುನಿಯು ನಾಟ್ಯಧರ್ಮಿಯೆಂದು ಕರೆದುದನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ರಂಗವು ಬೇರೆ ಕಡೆಗಳಲ್ಲಿ ಅಪರೂಪ. ಮುಖ್ಯ ನಟನು ಮರದ ಮುಖವಾಡವನ್ನು ಧರಿಸುವನು. ಅದನ್ನು ಕೊಂಚ ಮೇಲಕ್ಕೆತ್ತಿದರೆ ಮುಖವು ಬೆಳಗುವುದು. ಕೊಂಚ ತಗ್ಗಿಸಿದರೆ ಮೋಡ ಕವಿಯುವುದು. ಈ ಎರಡು ಚಲನೆಗಳಿಗೂ ಅವರ ಪರಿಭಾಷೆಯಲ್ಲಿ ‘ಬೆಳಗಿಸುವುದು’, ‘ಮೋಡ ಕವಿಸುವುದು’ ಎಂದೇ ಹೆಸರು.

ಈ ಜಗಲಿಗಾಗಿ ಕೊಂಪಾರು ಜೆಂಪೋ ಎಂಬ ನಟಕವಿಯು ಬರೆದ ‘ಇಕ್ಕಾಕು ಸೆನ್ನಿನ್’, ಎಂದರೆ ಒಂಟಿಕೋಡಿನ ಮುನಿ, ನಾಗರಾಜರನ್ನು ಗುಹೆಯೊಂದರಲ್ಲಿ ಬಂಧಿಸಿ ವಾರಾಣಸಿ ರಾಜ್ಯದಲ್ಲಿ ಮಳೆಯಾಗದಂತೆ ಮಾಡಿರುವವನ ನಾಟಕ. ದೊರೆಯು ಕಳುಹಿಸಿದ ಸೆಂದಾದೇವಿಯು ದಾರಿತಪ್ಪಿದವಳಂತೆ ಅವನ ಗುಡಿಸಲಿಗೆ ಬಂದು ಮದ್ಯವನ್ನು ನೀಡುವಳು. ಮುನಿ ಮೊದಲು ಒಲ್ಲೆನೆನ್ನುವನು, ಬಳಿಕ ಕುಡಿಯುವನು. ಆಕೆ ಎದ್ದು ನರ್ತಿಸುವಳು. ಆಮೇಲೆ ಬರುವುದೇ ಈ ನಾಟಕದ ಸಾರ: ಎಂದೂ ಕುಣಿಯದ ಆ ವೃದ್ಧ ತಪಸ್ವಿಯು ತಾನೂ ಎದ್ದು ಆಕೆಯ ಹೆಜ್ಜೆಯನ್ನು ಅನುಕರಿಸುವನು. ಆಕೆಯ ಕೈ ಎದ್ದ ಮೇಲೆ ಅವನ ಕೈ ಏಳುವುದು. ಆಕೆ ತಿರುಗಿದ ಮೇಲೆ ಅವನು ತಿರುಗುವನು. ಒಂದು ಕ್ಷಣದಷ್ಟೇ ಹಿಂದೆ, ಆದರೆ ಯಾವಾಗಲೂ ಹಿಂದೆ. ತಪೋಭಂಗವನ್ನು ವರ್ಣಿಸುವುದಕ್ಕೆ ನಮ್ಮ ಕವಿಗಳು ವಸಂತನನ್ನೂ ಮಲಯಾನಿಲವನ್ನೂ ಕೋಗಿಲೆಯನ್ನೂ ಕರೆತರುವರು. ಇಲ್ಲಿ ಅರ್ಧ ಹೆಜ್ಜೆಯ ಅಂತರದಲ್ಲಿ ಎಲ್ಲವೂ ಮುಗಿದುಹೋಗುವುದು. ಅವನು ನಿದ್ದೆಹೋಗುವನು, ರಂಗದ ಮೇಲಿಟ್ಟಿರುವ ಬಂಡೆಯು ಎರಡು ಹೋಳಾಗುವುದು, ಒಳಗಿನಿಂದ ನಾಗರಾಜರು ಹೊರಬೀಳುವರು. ಆ ಪಾತ್ರಗಳನ್ನು ಹಲವು ವೇಳೆ ಎಳೆಯ ಹುಡುಗರೇ ವಹಿಸುವರು. ಶಕ್ತಿ ಉಡುಗಿದ ಮುನಿಯು ಆ ಪುಟ್ಟ ಮೂರ್ತಿಗಳೊಡನೆ ಕತ್ತಿವರಿದು ಸೋಲುವುದನ್ನು ನೋಡುವಾಗ ನಗು ಬರುವುದಿಲ್ಲ, ಕನಿಕರವುಂಟಾಗುವುದು.

ನೋಹ್ ನಾಟಕಕ್ಕೆ ಈ ಗಾಂಭೀರ್ಯವನ್ನು ತಂದವರು ಕನ್‌ಅಮಿಯೂ ಅವನ ಮಗ ಜೆಯಾಮಿಯೂ. ೧೩೭೪ರ ಸುಮಾರಿಗೆ ಇವರ ಅಭಿನಯವನ್ನು ನೋಡಿದ ಅಶಿಕಾಗಾ ಯೊಶಿಮಿತ್ಸು ಎಂಬ ದೊರೆಯು ಹುಡುಗನಾಗಿದ್ದ ಜೆಯಾಮಿಯನ್ನು ಆಸ್ಥಾನಕ್ಕೆ ತೆಗೆದುಕೊಂಡನು. ಜೆಯಾಮಿಯು ತನ್ನ ಶಾಸ್ತ್ರಗ್ರಂಥಗಳಲ್ಲಿ ನಟನ ಸಿದ್ಧಿಯನ್ನು ‘ಹೂವು’ ಎಂದು ಕರೆದಿರುವನು. ತಾರುಣ್ಯದ ಕಂಠ ಮತ್ತು ರೂಪಗಳಿಂದ ಅರಳುವುದು ಬಾಡಿಹೋಗುವ ಹೂವು. ಸಾಧನೆಯಿಂದ ಬಂದುದು ಮುಪ್ಪಿನಲ್ಲಿಯೂ ನಿಲ್ಲುವ ಹೂವು. ಐವತ್ತೆರಡನೆಯ ವಯಸ್ಸಿನಲ್ಲಿ, ಮರಣಕ್ಕೆ ಕೆಲವೇ ದಿನಗಳ ಮುಂಚೆ ಅಭಿನಯಿಸಿದ ತನ್ನ ತಂದೆಯು ಬಹು ಸ್ವಲ್ಪವನ್ನೇ ಮಾಡಿ ಎಲ್ಲರನ್ನೂ ಮೀರಿಸಿದನೆಂದು ಅವನು ಸ್ಮರಿಸುವನು. ಇಂಥವನನ್ನು ಎಪ್ಪತ್ತು ದಾಟಿದ ಮೇಲೆ, ೧೪೩೪ರಲ್ಲಿ, ಬೇರೊಬ್ಬ ದೊರೆಯು ಸಾದೋ ದ್ವೀಪಕ್ಕೆ ಗಡೀಪಾರು ಮಾಡಿದನು. ಅವನ ಗ್ರಂಥಗಳು ಶತಮಾನಗಳ ಕಾಲ ಮನೆತನದ ಗುಟ್ಟಾಗಿದ್ದು ೧೯೦೯ರಲ್ಲಿ ಮಾತ್ರ ಅಚ್ಚಾಗಿ ಸರ್ವರಿಗೂ ದೊರೆತುವು.

ದೊರೆಗಳ ಆಶ್ರಯದಲ್ಲಿದ್ದ ನೋಹ್ ಹೀಗಾದರೆ, ಕಬುಕಿಯು ಬೀದಿಯಲ್ಲಿ ಹುಟ್ಟಿದುದು. ೧೬೦೩ರಲ್ಲಿ ಕ್ಯೋಟೋ ನಗರದಲ್ಲಿ ಒಕುನಿಯೆಂಬ ಹೆಂಗಸು ಗಂಡಸಿನ ವೇಷವನ್ನು ತೊಟ್ಟು ಕುಣಿದು ಊರನ್ನೇ ಮರುಳುಮಾಡಿದಳು. ಅವಳನ್ನು ಅನುಕರಿಸಿದ ಮೇಳಗಳಿಂದ ನೀತಿಗೆಟ್ಟ ವ್ಯವಹಾರ ಹೆಚ್ಚಿತೆಂದು ಸರಕಾರವು ೧೬೨೯ರಲ್ಲಿ ಹೆಂಗಸರು ರಂಗವನ್ನು ಏರಕೂಡದೆಂದು ವಿಧಿಸಿತು. ಬಳಿಕ ಹುಡುಗರು ಕುಣಿದರು; ೧೬೫೨ರಲ್ಲಿ ಅದಕ್ಕೂ ತಡೆ ಬಂದಿತು. ಕೊನೆಗೆ ಉಳಿದವರು ಮುಂದಲೆ ಬೋಳಿಸಿಕೊಂಡ ಪ್ರಾಯದ ಗಂಡಸರು. ರೂಪದ ಬಲ ಹೋದುದರಿಂದ ಅವರು ಅಭಿನಯವನ್ನೇ ನೆಚ್ಚಬೇಕಾಯಿತು. ನಿಷೇಧಗಳಿಂದ ಕಲೆ ಬೆಳೆದ ದೃಷ್ಟಾಂತಗಳು ಬಹಳವಿಲ್ಲ; ಇದು ಅಂಥದೊಂದು.

ನಮ್ಮ ಮುನಿಯು ಈ ಗದ್ದಲದ ರಂಗಕ್ಕೆ ಬಂದಾಗ ಅವನಿಗೆ ‘ನರುಕಮಿ’ಯೆಂದು ಹೆಸರಾಯಿತು; ಗುಡುಗು ಎಂದು ಅದರ ಅರ್ಥ. ಮೊದಲನೆಯ ಇಚಿಕಾವಾ ದಂಜೂರೋ ಎಂಬ ನಟನು ೧೬೮೪ರಲ್ಲಿ ಈ ಪಾತ್ರವನ್ನು ರಂಗಕ್ಕೆ ತಂದನು. ಈಗ ಆಡುವ ಪಾಠವು ೧೭೪೨ರಲ್ಲಿ ಎರಡನೆಯ ದಂಜೂರೋ ಒಸಾಕಾದಲ್ಲಿ ಆಡಿದ ದೊಡ್ಡ ನಾಟಕದ ಒಂದು ಭಾಗ. ನಡುವೆ ಬಹುಕಾಲ ಮರೆಯಾಗಿದ್ದ ಇದನ್ನು ೧೯೧೦ರಲ್ಲಿ ಎರಡನೆಯ ಇಚಿಕಾವಾ ಸದಂಜಿಯು ಪುನಃ ಎತ್ತಿ ನಿಲ್ಲಿಸಿದನು.

ಇಲ್ಲಿ ಮುನಿಯ ಕೋಡು ಮಾಯವಾಗಿ, ಅವನೊಬ್ಬ ಬೌದ್ಧ ಯತಿಯಾಗಿರುವನು. ಚಕ್ರವರ್ತಿಯು ಕೊಟ್ಟ ಮಾತಿಗೆ ತಪ್ಪಿದನೆಂಬ ಕೋಪದಿಂದ ನಾಗದೇವತೆಯನ್ನು ಜಲಪಾತದ ಕೆಳಗೆ ಬಂಧಿಸಿ, ಮೇಲೆ ಮಂತ್ರದ ಹುಲ್ಲುಹಗ್ಗವನ್ನು ಕಟ್ಟಿರುವನು. ಬಿಳಿಮೋಡ, ಕರಿಮೋಡ ಎಂಬ ಹೆಸರಿನ ಇಬ್ಬರು ಹೊಟ್ಟೆಬಾಕ ಶಿಷ್ಯರು ಕಾವಲಿರುವರು. ಅರಮನೆಯಿಂದ ಬರುವ ಸುಂದರಿಯ ಹೆಸರು ಕುಮೋ ನೋ ತಯೆಮಾ, ಎಂದರೆ ಮೋಡಗಳ ನಡುವಣ ತೆರವು. ಹೆಸರಿನಲ್ಲಿಯೇ ಕಥೆಯ ಅಂತ್ಯವನ್ನು ಹೇಳಿಬಿಡುವ ಈ ಧೈರ್ಯ ನನಗೆ ಬಹಳ ಹಿಡಿಸಿತು. ಆಕೆ ತಾನು ವಿಧವೆಯೆಂದೂ, ಗಂಡನ ಬಟ್ಟೆಯನ್ನು ಒಗೆಯಲು ನೀರನ್ನು ಹುಡುಕಿಕೊಂಡು ಬಂದವಳೆಂದೂ ಹೇಳಿಕೊಂಡು ತನ್ನ ಪ್ರಣಯದ ಕಥೆಯನ್ನು ಆರಂಭಿಸುವಳು. ಯತಿಯು ಕೇಳುತ್ತ ಕೇಳುತ್ತ ಪೀಠದಿಂದ ಮುಂದಕ್ಕೆ ಬಾಗಿ, ಕಡೆಗೆ ದುಡುಮ್ಮನೆ ಕೆಳಗೆ ಉರುಳುವನು! ಆಮೇಲೆ ಆಕೆಗೆ ಇದ್ದಕ್ಕಿದ್ದಂತೆ ನೋವು, ಯತಿಯ ಶುಶ್ರೂಷೆ, ಮದ್ಯದ ಬಟ್ಟಲು. ಶೃಂಗಾರವೂ ಹಾಸ್ಯವೂ ಇಲ್ಲಿ ಎಷ್ಟು ಸೂಕ್ಷ್ಮವಾಗಿ ಹೆಣೆದುಕೊಂಡಿವೆಯೆಂದರೆ ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತೆಂಬುದನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಯತಿಯು ಮಲಗಿದೊಡನೆ ಆಕೆ ಬಂಡೆಯನ್ನು ಹತ್ತಿ ಹಗ್ಗವನ್ನು ಕತ್ತರಿಸುವಳು. ನಾಗವು ಜಲಪಾತದಲ್ಲಿ ಮೇಲೇರುವುದು, ಮಳೆ ಸುರಿಯುವುದು.

ಎಚ್ಚತ್ತ ನರುಕಮಿಯು ಮೊದಲಿನ ನರುಕಮಿಯಲ್ಲ. ಅವನ ಉಡುಪು ನೋಡುತ್ತಿದ್ದಂತೆ ಬಿಚ್ಚಿಕೊಂಡು ಬೆಂಕಿಯ ಜ್ವಾಲೆಗಳ ಚಿತ್ರವುಳ್ಳ ಇನ್ನೊಂದು ಉಡುಪಾಗುವುದು. ಮುಖದ ಮೇಲೆ ರೌದ್ರದ ರೇಖೆಗಳು ಮೂಡಿರುವುವು. ಅವನು ಕಂಬವನ್ನು ಕೈಕಾಲುಗಳಿಂದ ಸುತ್ತಿಹಿಡಿದು ಕಣ್ಣುಗಳನ್ನು ಹೊರಳಿಸಿ ಶಿಲಾಪ್ರತಿಮೆಯಂತೆ ನಿಂತುಬಿಡುವನು. ಭಾವವು ಪರಾಕಾಷ್ಠೆಗೆ ಮುಟ್ಟಿದಾಗ ಹೀಗೆ ಚಲನೆಯನ್ನು ತಡೆದು ನಿಲ್ಲುವುದಕ್ಕೆ ‘ಮಿಯೆ’ ಎಂದು ಹೆಸರು. ಪಕ್ಕದಲ್ಲಿ ಕುಳಿತವನೊಬ್ಬನು ಹಲಗೆಯ ಮೇಲೆ ಮರದ ತುಂಡುಗಳನ್ನು ಬಡಿದು ಆ ಕ್ಷಣಕ್ಕೆ ಮೊಳೆ ಹೊಡೆಯುವನು. ಕಡೆಯಲ್ಲಿ ನರುಕಮಿಯು, ಪ್ರೇಕ್ಷಕರ ನಡುವೆಯೇ ಹಾದುಹೋಗುವ ‘ಹನಮಿಚಿ’ ಎಂಬ ಹೂದಾರಿಯ ಮೇಲೆ ಒಂದೊಂದು ಕಾಲಿನಲ್ಲಿ ನೆಗೆನೆಗೆದು ಆಕೆಯನ್ನು ಅಟ್ಟಿಕೊಂಡು ಹೋಗುವನು. ಇಷ್ಟರಲ್ಲಿ ಮೇಲಿನ ಸಾಲಿನಿಂದ ರಸಿಕನೊಬ್ಬನು ನಟನ ಮನೆತನದ ಹೆಸರನ್ನು ಗಟ್ಟಿಯಾಗಿ ಕೂಗುವನು. ದಂಜೂರೋ ಮನೆತನವಾದರೆ ‘ನಾರಿತಯಾ!’ ಎಂದು. ಇದು ಅಸಭ್ಯತೆಯಲ್ಲ, ಪುರಸ್ಕಾರ. ಆದರೆ ತಾಳ ತಪ್ಪಿ ಕೂಗಿದರೆ ಮಿಯೆ ಕೆಡುವುದು. ಆದುದರಿಂದ ಕೂಗುವವನಿಗೂ ಅಭ್ಯಾಸ ಬೇಕು. ಪ್ರೇಕ್ಷಕನೂ ಪಾತ್ರಧಾರಿಯಾಗುವ ಈ ಪದ್ಧತಿ ನನಗೆ ಅತ್ಯಂತ ಪ್ರಿಯವಾದುದು. ತಲೆಮಾರುಗಳಿಂದ ನೋಡುತ್ತ ಬಂದವರಿಲ್ಲದಿದ್ದರೆ, ತಲೆಮಾರುಗಳಿಂದ ಆಡುತ್ತ ಬಂದವರಿಂದ ಏನು ಪ್ರಯೋಜನ? ಹೆಸರುಗಳೂ ಹೀಗೆಯೇ ಉಳಿದುಬಂದಿವೆ: ೨೦೨೨ರ ನವೆಂಬರಿನಲ್ಲಿ ಹದಿಮೂರನೆಯ ದಂಜೂರೋ ಆ ಹೆಸರನ್ನು ಧರಿಸಿದನು.

ಮೋಡಗಳ ತೆರವಿನ ಆ ಸುಂದರಿಯೂ ಗಂಡಸೇ ಎಂಬುದನ್ನು ಹೇಳಬೇಕಷ್ಟೆ. ಸ್ತ್ರೀಪಾತ್ರವನ್ನೇ ಜೀವನವನ್ನಾಗಿ ಮಾಡಿಕೊಂಡ ನಟನಿಗೆ ‘ಒನ್ನಗಾತ’ ಎಂದು ಹೆಸರು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಹೆಸರಾಗಿದ್ದ ಯೊಶಿಜಾವಾ ಅಯಾಮೆಯ ಮತವೇನೆಂದರೆ, ರಂಗದಿಂದ ಇಳಿದ ಮೇಲೂ ಹೆಣ್ಣಿನಂತೆ ನಡೆಯದವನಿಗೆ ರಂಗದ ಮೇಲೆ ಹೆಣ್ತನ ಬರುವುದಿಲ್ಲ. ನಮ್ಮ ಕಾಲದ ಬಂದೋ ತಮಸಬುರೋ ೧೯೫೦ರಲ್ಲಿ ಹುಟ್ಟಿದವನು. ಕಬುಕಿ ಮನೆತನದಲ್ಲಿ ಹುಟ್ಟದೆ ದತ್ತುಹೋದವನು. ೨೦೧೨ರಲ್ಲಿ ಅವನನ್ನು ಸರಕಾರವು ರಾಷ್ಟ್ರದ ಸಜೀವ ನಿಧಿಯೆಂದು ಮನ್ನಿಸಿತು. ಚಿತ್ರಮುದ್ರಣದಲ್ಲಿ ಅವನ ಅಭಿನಯವನ್ನು ನೋಡಿದಾಗ ಹೆಂಗಸಿನ ಅನುಕರಣವೆಂಬ ಮಾತೇ ಮರೆತುಹೋಗುವುದು. ಕತ್ತಿನ ಒಂದು ತಿರುವು, ತೋಳಿನ ಅಂಚನ್ನು ಹಿಡಿಯುವ ಬೆರಳು, ಇವುಗಳಲ್ಲಿ ಸ್ತ್ರೀತ್ವದ ಒಂದು ಶ್ಲೋಕವನ್ನೇ ಓದಿದಂತಾಗುವುದು. (ಮೂವರು ಸೇರಿ ಒಂದೇ ಗೊಂಬೆಯನ್ನು ಆಡಿಸುವ ಒಸಾಕಾದ ಬುನ್ರಾಕು ಗೊಂಬೆಯಾಟವೂ ಇದೇ ಮನೆಯ ಕೂಸು. ಅದಕ್ಕೆ ಬೇರೆಯೇ ಒಂದು ಲೇಖನ ಬೇಕು.)

ಗಂಡಸರು ಹೆಂಗಸರಾಗುವ ಈ ದೇಶದಲ್ಲಿ ಹೆಂಗಸರು ಗಂಡಸರಾಗುವ ರಂಗವೂ ಹುಟ್ಟದಿರಲಿಲ್ಲ. ರೈಲು ಕಂಪೆನಿಯ ಯಜಮಾನನಾಗಿದ್ದ ಕೊಬಯಾಶಿ ಇಚಿಜೋ ಎಂಬುವನು ತನ್ನ ರೈಲುದಾರಿಯ ಕೊನೆಯಲ್ಲಿದ್ದ ತಕರಾಜುಕಾ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ ಜನರನ್ನು ಆಕರ್ಷಿಸಬೇಕೆಂದು ೧೯೧೩ರಲ್ಲಿ ಹುಡುಗಿಯರ ಗಾಯನತಂಡವನ್ನು ಕಟ್ಟಿದನು. ಜನ ಬಾರದೆ ಪಾಳುಬಿದ್ದಿದ್ದ ಈಜುಕೊಳದ ಕಟ್ಟಡವೇ ಮೊದಲನೆಯ ನಾಟಕಶಾಲೆ. ಹೀಗೆ ವ್ಯಾಪಾರದ ಉಪಾಯವಾಗಿ ಹುಟ್ಟಿದುದು ೧೯೨೭ರಲ್ಲಿ ಪ್ಯಾರಿಸಿನ ಮಾದರಿಯ ನೃತ್ಯಗೀತಗಳ ಮೆರವಣಿಗೆಯನ್ನು ಜಪಾನಿಗೆ ತಂದಿತು. ಈಗ ಹೂವು, ಚಂದ್ರ, ಹಿಮ, ತಾರೆ, ಬ್ರಹ್ಮಾಂಡವೆಂಬ ಹೆಸರಿನ ಐದು ಮೇಳಗಳುಳ್ಳ ಸಂಸ್ಥೆಯಾಗಿರುವುದು. ನಟಿಯರೆಲ್ಲರೂ ಅವಿವಾಹಿತೆಯರು; ಎರಡು ವರ್ಷ ಸಂಸ್ಥೆಯ ಸಂಗೀತಶಾಲೆಯಲ್ಲಿ ಕಲಿತು ಬಂದವರು. ಪುರುಷಪಾತ್ರದವರಿಗೆ ‘ಒತೊಕೊಯಾಕು’ ಎಂದು ಹೆಸರು. ಪ್ರೇಕ್ಷಕರಲ್ಲಿ ಬಹುಪಾಲು ಹೆಂಗಸರೇ. ತಾಯಿ, ಮಗಳು, ಮೊಮ್ಮಗಳು ಒಟ್ಟಾಗಿ ಹೋಗುವುದೂ ಉಂಟು.

ಅಲ್ಲಿಯ ಸಂಗೀತನಾಟಕಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೯೭೪ರ ‘ವರ್ಸೈಲಿನ ಗುಲಾಬಿ’. ಇಕೆದಾ ರಿಯೊಕೊ ಎಂಬಾಕೆ ಬರೆದ ಚಿತ್ರಕಥೆಯೇ ಅದರ ಮೂಲ. ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಗಂಡಿನಂತೆ ಬೆಳೆದು ರಾಣಿಯ ಅಂಗರಕ್ಷಕ ಪಡೆಯ ನಾಯಕಿಯಾದ ಆಸ್ಕರ್ ಎಂಬ ಹೆಣ್ಣಿನ ಪಾತ್ರ. ಪುರುಷಪಾತ್ರದ ಹೆಂಗಸು, ಪುರುಷನಂತೆ ಬಾಳುವ ಹೆಂಗಸನ್ನು ಅಭಿನಯಿಸುವಳು! ಇದನ್ನು ರಂಗಕ್ಕೆ ನಿರ್ದೇಶಿಸಿದವನು ಹಸೆಗಾವಾ ಕಜುಓ. ಕಬುಕಿಯಲ್ಲಿ ಸ್ತ್ರೀಪಾತ್ರಗಳನ್ನು ಕಲಿತು, ಬಳಿಕ ಚಲನಚಿತ್ರಗಳಲ್ಲಿ ಹೆಸರಾದ ನಟ. ದೃಷ್ಟಿಯನ್ನು ಎಲ್ಲಿಟ್ಟರೆ ಕಣ್ಣು ನಕ್ಷತ್ರದಂತೆ ಹೊಳೆಯುವುದು, ಕತ್ತನ್ನು ಎಷ್ಟು ಹೊರಳಿಸಿದರೆ ಅಪ್ಪುಗೆಗೆ ಅಂದ ಬರುವುದು ಎಂಬುದನ್ನು ಅವನು ಆ ಹುಡುಗಿಯರಿಗೆ ಹೇಳಿಕೊಟ್ಟನು. ಕಬುಕಿಯ ಒನ್ನಗಾತನ ವಿದ್ಯೆಯು ತಕರಾಜುಕಾದ ಒತೊಕೊಯಾಕುವಿಗೆ ಹರಿದು ಬಂದ ಬಗೆ ಇದು. ಅಜ್ಜನ ಆಸ್ತಿಯು ಮೊಮ್ಮಗಳಿಗೆ ಸಂದಂತಾಯಿತು. ಇದರ ಅಭಿನಯದಲ್ಲಿ ಅತಿರೇಕವಿಲ್ಲವೆಂದು ನಾನು ಹೇಳಲಾರೆನು. ಕೊನೆಯಲ್ಲಿ ದೊಡ್ಡ ಮೆಟ್ಟಿಲಸಾಲಿನಿಂದ ನಾಯಕಿಯು ಬೆನ್ನಿಗೆ ಮಾರುದ್ದದ ಗರಿಗಳನ್ನು ಕಟ್ಟಿಕೊಂಡು ಇಳಿದುಬರುವುದನ್ನು ನೋಡಿ ಶುದ್ಧ ಸಾಹಿತ್ಯದ ಪಕ್ಷಪಾತಿಗಳು ಮೂಗುಮುರಿಯಬಹುದು. ಆದರೆ ಆ ಭಾರವನ್ನು ಹೊತ್ತು, ಕಾಲಿನ ಕಡೆಗೆ ನೋಡದೆ, ಹಾಡುತ್ತ ಇಳಿಯುವುದು ನೋಹ್ ನಟನ ಹೆಜ್ಜೆಗಿಂತ ಸುಲಭವಾದ ಸಾಧನೆಯಲ್ಲ.

ಭಾರತದ ಕಥೆಗಳು ಜಪಾನಿಗೆ ಹೋಗುವ ದಾರಿಯು ಏಕಶೃಂಗನೊಡನೆ ಮುಚ್ಚಿಹೋಗಲಿಲ್ಲ. ೨೦೧೭ರಲ್ಲಿ ತಾರಾಮೇಳವು ‘ಓಂ ಶಾಂತಿ ಓಂ’ ಎಂಬ ಹಿಂದೀ ಚಿತ್ರವನ್ನು ಸಂಗೀತನಾಟಕವಾಗಿ ಆಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ತೋಕಿಯೋವಿನ ಕಬುಕಿಜಾ ರಂಗಮಂದಿರದಲ್ಲಿ ಮಹಾಭಾರತವೇ ಕಬುಕಿಯಾಯಿತು. ಆಗ ಒನೊಎ ಕಿಕುನೊಸುಕೆ ಎಂಬ ಹೆಸರಿದ್ದ ನಟನು ಕರ್ಣನ ಪಾತ್ರವನ್ನು ವಹಿಸಿದನು. ೨೦೨೪ರ ಜನವರಿಯಲ್ಲಿ ತಕರಾಜುಕಾದ ಹುಡುಗಿಯರು ‘ಆರ್.ಆರ್.ಆರ್.’ ಎಂಬ ತೆಲುಗು ಚಿತ್ರವನ್ನು ಎತ್ತಿಕೊಂಡರು. ಗೋಂಡರ ಭೀಮನ ಪಾತ್ರದಲ್ಲಿ ರೇಯಿ ಮಕೊತೊ ಎಂಬ ನಟಿ! ನಮ್ಮ ಊರಿನ ಮಕ್ಕಳು ಮದುವೆಮನೆಗಳಲ್ಲಿ ಕುಣಿದ ಅದೇ ಹಾಡಿಗೆ ಆ ಹುಡುಗಿಯರು ಕಾಲು ಹಾಕಿದರು.

ಇಷ್ಟು ಮೆಚ್ಚಿದ ಮೇಲೆ, ಇದರ ಬೆಲೆಯನ್ನು ತೆರುವವರು ಯಾರೆಂಬುದನ್ನೂ ಹೇಳಬೇಕು. ಕಬುಕಿಯಲ್ಲಿ ದೊಡ್ಡ ಪಾತ್ರಗಳು ಮನೆತನಗಳ ಸ್ವತ್ತು. ಮಕ್ಕಳು ನಾಲ್ಕೈದು ವರ್ಷಕ್ಕೇ ರಂಗವನ್ನು ಏರುವರು. ತನಗೆ ಬೇರೆ ದಾರಿ ಬೇಕೆಂದು ಅವರನ್ನು ಕೇಳುವವರಿಲ್ಲ. ಹೊರಗಿನ ಹುಡುಗರಿಗಾಗಿ ರಾಷ್ಟ್ರೀಯ ರಂಗಮಂದಿರವು ೧೯೭೦ರಲ್ಲಿ ಪಾಠಶಾಲೆಯನ್ನು ತೆರೆಯಿತು. ಆದರೂ ಅಲ್ಲಿಂದ ಬಂದವರಿಗೆ ಮುಖ್ಯಪಾತ್ರ ಸಿಕ್ಕುವುದು ಅಪೂರ್ವ. ಆ ಮಂದಿರವಾದರೋ ಪುನರ್ನಿರ್ಮಾಣಕ್ಕೆಂದು ೨೦೨೩ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಮನೆತನದ ಹುಡುಗನೂ ಹೊರಗಿನಿಂದ ಬಂದ ಹುಡುಗನೂ ಒಂದೇ ಗುರುವಿನ ಬಳಿ ಒನ್ನಗಾತರಾಗಿ ಬೆಳೆದು ಸ್ಪರ್ಧಿಸುವ ಕಥೆಯನ್ನು ೨೦೨೫ರ ‘ಕೊಕುಹೋ’ ಎಂಬ ಚಲನಚಿತ್ರವು ಹೇಳಿತು. ಜಪಾನೀಯರು ಅದನ್ನು ಗುಂಪುಗುಂಪಾಗಿ ನೋಡಿದುದನ್ನು ಗಮನಿಸಿದರೆ ಈ ಪ್ರಶ್ನೆ ಅವರನ್ನೂ ಕಾಡುತ್ತಿರುವಂತೆ ತೋರುವುದು.

ತಕರಾಜುಕಾದ ಸಂಗತಿ ಇನ್ನೂ ಕಠಿನ. ೨೦೨೩ರ ಸೆಪ್ಟೆಂಬರಿನ ಕೊನೆಯ ದಿನ ಇಪ್ಪತ್ತೈದು ವಯಸ್ಸಿನ ಒಬ್ಬ ನಟಿಯು ಪ್ರಾಣ ಕಳೆದುಕೊಂಡಳು. ಮಿತಿಮೀರಿದ ದುಡಿಮೆಯೂ ಹಿರಿಯರ ಕಿರುಕುಳವೂ ಇದಕ್ಕೆ ಕಾರಣವೆಂದು ಮನೆಯವರು ದೂರಿದರು. ಮೊದಲು ಅಲ್ಲಗಳೆದ ಸಂಸ್ಥೆಯು ೨೦೨೪ರ ಮಾರ್ಚಿಯಲ್ಲಿ ಕಿರುಕುಳವನ್ನು ಒಪ್ಪಿಕೊಂಡು ಕ್ಷಮೆ ಬೇಡಿತು. ವಾರದ ಪ್ರದರ್ಶನಗಳನ್ನೂ ತಗ್ಗಿಸಿತು. ಗುರುಕುಲದ ಶಿಸ್ತನ್ನು ಹೊಗಳುವವರಲ್ಲಿ ನಾನೂ ಒಬ್ಬನು. ಆದರೆ ಎಳೆಯರ ನಿದ್ದೆಯನ್ನೂ ಮಾನವನ್ನೂ ಕಿತ್ತುಕೊಳ್ಳುವುದು ಶಿಸ್ತಲ್ಲ. ಜೆಯಾಮಿಯು ಏಳು ವರ್ಷದ ಮಗುವಿನ ಶಿಕ್ಷಣವನ್ನು ಕುರಿತು ಬರೆಯುವಾಗ, ಅದನ್ನು ಅತಿಯಾಗಿ ತಿದ್ದಿ ಗದರಿಸಿದರೆ ಉತ್ಸಾಹ ಕುಂದಿ ಕಲೆ ಅಲ್ಲಿಗೇ ನಿಂತುಹೋಗುವುದೆಂದು ಎಚ್ಚರಿಸಿದ್ದನು. ಈ ಮಾತು ಅಚ್ಚಾಗಿ ನೂರು ವರ್ಷ ಕಳೆದಿದ್ದರೂ ಓದಬೇಕಾದವರು ಓದಿದಂತೆ ಕಾಣುವುದಿಲ್ಲ.

ನೋಡಬೇಕೆಂಬ ಕುತೂಹಲವುಳ್ಳ ವಾಚಕರಿಗೆ ಒಂದು ಸೂಚನೆ. ನೋಹ್‌ನಿಂದ ಆರಂಭಿಸುವುದು ಬೇಡ. ಅದರ ನಿಧಾನಗತಿಗೆ ಮನಸ್ಸು ಪಳಗಬೇಕು. ತೋಕಿಯೋಗೆ ಹೋಗುವ ಮಕ್ಕಳೋ ನಂಟರೋ ಇದ್ದರೆ, ಕಬುಕಿಜಾದಲ್ಲಿ ಒಂದೇ ಅಂಕವನ್ನು ನೋಡುವುದಕ್ಕೂ ಕಡಿಮೆ ದರದ ಟಿಕೀಟುಂಟೆಂದು ಅವರಿಗೆ ತಿಳಿಸಬಹುದು. ಮನೆಯಲ್ಲಿಯೇ ಕುಳಿತು ಚಿತ್ರಮುದ್ರಣದಲ್ಲಿ ನೋಡುವವರು ‘ನರುಕಮಿ’ಯನ್ನೇ ಮೊದಲು ಹುಡುಕಲಿ. ಕಥೆ ಗೊತ್ತಿರುವುದರಿಂದ ಭಾಷೆ ಅಡ್ಡಬಾರದು. ಹಗ್ಗ ಕಡಿದ ಮೇಲೆ ತೆರೆಯ ಮರೆಯಲ್ಲಿ ದೊಡ್ಡ ನಗಾರಿಯ ಮೇಲೆ ಉದ್ದನೆಯ ಕೋಲುಗಳಿಂದ ಮಳೆಯ ಸದ್ದನ್ನು ನುಡಿಸುವರು. ಕಿಗ್ಗದ ಕಡೆಯವರು ಅದನ್ನು ಕೇಳಿದರೆ ಎದ್ದು ಅಂಗಳದಲ್ಲಿ ಒಣಹಾಕಿದ ಅಡಕೆಯನ್ನು ಎತ್ತಿಡಲು ಹೊರಟಾರು.